ಕಿವಿಗೆ ಬೀಳದ ಎರಡು ದಿನ

ಪುರಂದರ ಮತ್ತು ಅಮ್ಮಣ್ಣಿ ಅಬುಧಾಬಿಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ಅಷ್ಟೂ ವರ್ಷಗಳ ರಜೆ ಊರಿಗೇ ಸಂದಿತ್ತು. ತಮ್ಮನ ಮದುವೆಗೆ ಒಂದು ರಜೆ, ಹೊಸಮನೆ ಒಕ್ಕಲಿಗೆ ಒಂದು, ಮಾವ ತೀರಿಕೊಂಡಾಗ ಉತ್ತರಕ್ರಿಯೆಯ ಬೊಜ್ಜಕ್ಕೆ ಒಂದು. ಅವರ ಸೂಟ್‌ಕೇಸುಗಳಿಗೆ ಮಂಗಳೂರಿನ ಬಜ್ಪೆ ಬಿಟ್ಟು ಬೇರೆ ವಿಮಾನ ನಿಲ್ದಾಣದ ನೆಲ ಗೊತ್ತಿರಲಿಲ್ಲ.

ಈ ವರ್ಷ ಮೊದಲ ಬಾರಿಗೆ ಐದು ದಿನ ಬೇರೆ ಕಡೆಗೆ ಹೋಗಿತ್ತು. ಅದು ಅಮ್ಮಣ್ಣಿಯ ಹಳೆಯ ಆಸೆ. ಉಡುಪಿಯಲ್ಲಿ ಬಿ.ಎ. ಓದುವಾಗ ಇತಿಹಾಸದ ಮೇಡಂ ಒಂದು ದಪ್ಪ ಪುಸ್ತಕ ತಂದು ತೋರಿಸಿದ್ದರು. ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್ ಎಂಬ ಊರು. ಎರಡು ನದಿಗಳ ನಡುವೆ ಬೀದಿಗೊಂದರಂತೆ ಬುದ್ಧನ ಗುಡಿಗಳು. ಅದರಲ್ಲೊಂದು ಗುಡಿಯ ಹಿಂಗೋಡೆಯ ತುಂಬ ಬಣ್ಣದ ಗಾಜಿನ ಚೂರುಗಳಲ್ಲಿ ಕೂಡಿಸಿದ ದೊಡ್ಡ ಮರ. ಆ ಮರವನ್ನು ಒಮ್ಮೆ ನೋಡಬೇಕು ಎಂದು ಅಂದು ಸಂಜೆ ಮನೆಗೆ ಬಂದು ಅಕ್ಕನಿಗೆ ಹೇಳಿದ್ದಳು. ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಕಾಲೇಜಿಗೆ ಕಳಿಸುತ್ತಿದ್ದ ಅಕ್ಕ, ದಾರ ಕಡಿಯುತ್ತ, "ನೋಡುವಾ" ಎಂದಿದ್ದಳು.

ಈಗ ಹೊರಡುವ ಹೊತ್ತಿಗೆ ಆ ಅಕ್ಕನೇ ಹಾಸಿಗೆ ಹಿಡಿದಿದ್ದಳು. ಹೃದಯ ಸೋತಿತ್ತು. ಅಮ್ಮಣ್ಣಿ ಟಿಕೆಟು ರದ್ದು ಮಾಡುತ್ತೇನೆ ಎಂದಾಗ ಫೋನಿನಲ್ಲೇ ಬೈದಿದ್ದಳು.

"ನಿನ್ನ ಆ ಗಾಜಿನ ಮರದ ಕತೆ ಕೇಳಿ ಕೇಳಿ ನನಗೆ ಸಾಕಾಗಿದೆ ಮಾರಾಯ್ತಿ. ಒಂದು ಸಲ ನೋಡಿಕೊಂಡು ಬಾ, ಪೀಡೆ ತೊಲಗಲಿ. ನಾನು ಎಲ್ಲಿಗೆ ಓಡಿ ಹೋಗ್ತೇನೆ? ಕಾಲು ಬಾತುಕೊಂಡು ಉಂಟು."

ಹಾಗಾಗಿ ಐದು ದಿನ ಗುಡಿ, ಆಮೇಲೆ ಒಂದು ತಿಂಗಳು ಅಕ್ಕ ಎಂದು ನಿಶ್ಚಯವಾಯಿತು. ಶನಿವಾರದ ಬಜ್ಪೆ ವಿಮಾನಕ್ಕೆ ಟಿಕೆಟು ಆಗಿತ್ತು.

ಗುರುವಾರ ಬೆಳಗಿನ ಜಾವ ಅವರು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ತಮ್ಮ ಫ್ಲಾಟಿಗೆ ಮರಳಿದರು. ಸ್ವಲ್ಪ ಮಲಗಿ ಎದ್ದ ಅಮ್ಮಣ್ಣಿ ಒಂದು ಸೂಟ್‌ಕೇಸು ಬಿಚ್ಚುತ್ತ, ಇನ್ನೊಂದನ್ನು ಊರಿಗೆಂದು ಕಟ್ಟುತ್ತ ಓಡಾಡುತ್ತಿದ್ದಳು. ಅಕ್ಕನಿಗೆ ತಂದ ಮೆತ್ತಗಿನ ಹತ್ತಿಯ ಶಾಲನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು. ಪುರಂದರ ಎರಡು ಸಲ ಬಾಗಿಲ ಬಳಿ ಬಂದು ನಿಂತ.

"ಎಂತ, ದ್ವಾರಪಾಲಕರ ಹಾಗೆ ನಿಂತದ್ದು? ಈ ಫೋನಿನ ಇಂಟರ್‌ನೆಟ್ ಒಂದು ಸರಿ ಮಾಡಿ ಕೊಡಿ. ಎರಡು ದಿನ ಆಯ್ತು, ಅಕ್ಕನ ಹತ್ತಿರ ಮಾತಿಲ್ಲ ಕತೆಯಿಲ್ಲ."

"ಮಾಡುವಾ. ಹಾಲು ಇಲ್ಲ. ತಂದು ಬರ್ತೇನೆ," ಎಂದು ಅವನು ಕೆಳಗಿಳಿದು ಹೋದ.

ಅವನು ಹೋದ ಹತ್ತು ನಿಮಿಷಕ್ಕೆ ಮೆಟಿಲ್ಡಾ ಬಂದಳು. ಎದುರು ಫ್ಲಾಟಿನ ಮೆಟಿಲ್ಡಾ ಕಾರ್ಕಳದವಳು. ಹತ್ತೊಂಬತ್ತು ವರ್ಷದಿಂದ ಎರಡು ಮನೆಗಳ ನಡುವೆ ಬಟ್ಟಲುಗಳು ಓಡಾಡುತ್ತಿದ್ದವು. ಇವರು ಊರಿನಿಂದ ಬಂದ ದಿನ ಅವಳ ಮನೆಯಿಂದ ಬಂಗುಡೆ ಸಾರು ಬರುವುದು ತಪ್ಪುತ್ತಿರಲಿಲ್ಲ. ಇವತ್ತು ಅವಳ ಕೈಯಲ್ಲಿ ಮುಚ್ಚಳ ಹಾಕಿದ ಪಾತ್ರೆ ಇತ್ತು. ಅದನ್ನು ಅಡುಗೆಮನೆಯಲ್ಲಿಟ್ಟು ಬಂದವಳು ಅಮ್ಮಣ್ಣಿಯ ಎರಡೂ ಕೈ ಹಿಡಿದುಕೊಂಡಳು.

"ಹೇಗಿದ್ದೀರಿ ಅಮ್ಮಣ್ಣಿಯಕ್ಕ?"

"ನಾನಾ? ಇಪ್ಪತ್ತು ವರ್ಷ ಸಣ್ಣವಳಾಗಿ ಬಂದಿದ್ದೇನೆ. ಕೂತ್ಕೊ, ಕೂತ್ಕೊ. ಮೊದಲು ಫೋಟೋ, ಆಮೇಲೆ ಚಾ."

ಮೆಟಿಲ್ಡಾ ಕೈ ಬಿಟ್ಟಳು. ಅವಳ ಕಣ್ಣು ಒಮ್ಮೆ ತೆರೆದ ಸೂಟ್‌ಕೇಸಿನ ಮೇಲೆ, ಒಮ್ಮೆ ಮುಂಬಾಗಿಲ ಮೇಲೆ ಹೋಯಿತು. "ಪುರಂದರಣ್ಣ ಎಲ್ಲಿ?"

"ಹಾಲಿಗೆ ಹೋಗಿದ್ದಾರೆ. ಇಲ್ಲಿ ನೋಡು."

ಅಮ್ಮಣ್ಣಿ ತೋರಿಸತೊಡಗಿದಳು. ನೆಲದವರೆಗೆ ಬಾಗಿ ಬಂದ ಮಾಡುಗಳ ಗುಡಿ; ಕಲ್ಲಂಗಡಿಯನ್ನು ಕವುಚಿ ಇಟ್ಟಂಥ ಸ್ತೂಪ; ಮುಂಜಾವದಲ್ಲಿ ಸಾಲಾಗಿ ಭಿಕ್ಷೆಗೆ ಬರುವ ಕಾವಿಯ ಭಿಕ್ಷುಗಳು. ಒಂದು ಗುಡಿಯೊಳಗೆ ಕೂತಿದ್ದಾಗ ಹೊರಗೆ ಮಳೆ ಬಂತಂತೆ. ಓಡಿ ಬಂದು ನೋಡಿದರೆ, ಕಸ ಗುಡಿಸುವ ಅಜ್ಜಿಯೊಬ್ಬಳು ಇವರ ಚಪ್ಪಲಿಗಳನ್ನು ಎತ್ತಿ, ತನ್ನ ಸೆರಗಿನಂಥ ಬಟ್ಟೆಯಲ್ಲಿ ಒರೆಸಿ, ಜಗಲಿಯ ಮೇಲೆ ಜೋಡಿಸಿ ಇಟ್ಟಿದ್ದಳಂತೆ.

"ಭಾಷೆ ಇಲ್ಲ, ಗುರ್ತ ಇಲ್ಲ. ನನಗೆ ಅಳುವೇ ಬಂತು ಮೆಟಿಲ್ಡಾ. ಇದು ನೋಡು, ಇದೇ ನನ್ನ ಮರ!"

ಕೆಂಪು ಗೋಡೆಯ ಮೇಲೆ ಹಸಿರು, ನೀಲಿ, ಚಿನ್ನದ ಬಣ್ಣದ ಗಾಜು ಹೊಳೆಯುತ್ತಿತ್ತು. ಮುಂದೆ ಅಮ್ಮಣ್ಣಿ ಬಾಯಿ ತುಂಬ ನಗುತ್ತ ನಿಂತಿದ್ದಳು. ಒಂದಲ್ಲ, ಅಂಥ ಹದಿನಾಲ್ಕು ಫೋಟೋಗಳಿದ್ದವು.

"ಇವರಿಗೆ ಆ ದಿನ ಎಂತಾಗಿತ್ತೋ! ಯಾವಾಗಲೂ ಒಂದು ತೆಗೆದು 'ಖಲಾಸ್, ನಡಿ' ಅನ್ನುವ ಜನ. ಅವತ್ತು ಇನ್ನೊಂದು, ಇನ್ನೊಂದು ಅಂತ ಬಿಡಲೇ ಇಲ್ಲ. ಫೋನು ನನಗೆ ಕೊಡಲೂ ಇಲ್ಲ."

ಅಮ್ಮಣ್ಣಿ ಚಾ ಇಡಲೆಂದು ಅಡುಗೆಮನೆಗೆ ಹೋದವಳು ಪಾತ್ರೆಯ ಮುಚ್ಚಳ ತೆಗೆದಳು. ಗಂಜಿ. ಪಕ್ಕದ ಸಣ್ಣ ಬಟ್ಟಲಲ್ಲಿ ಉಪ್ಪು ಹಾಕಿದ ಹೆಸರುಕಾಳು. ಮೀನಿಲ್ಲ, ಒಗ್ಗರಣೆಯೂ ಇಲ್ಲ.

"ಎಂತದು ಮಾರಾಯ್ತಿ, ಸತ್ತವರ ಮನೆಗೆ ತಂದ ಹಾಗೆ ಬರೀ ಗಂಜಿ? ನಿನ್ನ ಬಂಗುಡೆ ಎಲ್ಲ ಸಮುದ್ರಕ್ಕೆ ವಾಪಸು ಹೋಯ್ತಾ?" ಎಂದು ನಗುತ್ತ ತಿರುಗಿದಳು.

ಮೆಟಿಲ್ಡಾ ಬಾಗಿಲಲ್ಲಿ ನಿಂತಿದ್ದಳು. ಬಾಯಿಗೆ ಅಡ್ಡವಾಗಿ ಅಂಗೈ ಹಿಡಿದಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಅಮ್ಮಣ್ಣಿಯ ನಗು ನಿಧಾನವಾಗಿ ಆರಿತು. ಪಾತ್ರೆಯನ್ನು ನೋಡಿದಳು. ಮೆಟಿಲ್ಡಾಳನ್ನು ನೋಡಿದಳು. ಮುಚ್ಚಳವನ್ನು ಮೊದಲಿದ್ದ ಹಾಗೆಯೇ ಮುಚ್ಚಿದಳು.

"ಯಾರು?" ಎಂದಳು. ಗೊತ್ತಿದ್ದೂ ಕೇಳಿದಳು.

"ಮಂಗಳವಾರ ಬೆಳಿಗ್ಗೆ. ಪುರಂದರಣ್ಣ ಅಲ್ಲಿಂದಲೇ ನನಗೆ ಫೋನು ಮಾಡಿದ್ದರು. ಮನೆಗೆ ಬಂದ ಕೂಡಲೇ ಹೇಳ್ತೇನೆ, ನೀವು ಒಂದು ಜೊತೆಗಿರಿ ಅಂದರು. ಹೇಳಿ ಆಗಿದೆ ಅಂತ ತಿಳ್ಕೊಂಡೆ ಅಮ್ಮಣ್ಣಿಯಕ್ಕ. ದೇವರಾಣೆ, ಹೇಳಿ ಆಗಿದೆ ಅಂತಲೇ ತಿಳ್ಕೊಂಡೆ."

ಹಾಲಿನ ಬಾಟಲಿ ಹಿಡಿದು ಪುರಂದರ ಒಳಗೆ ಬಂದಾಗ ಇಬ್ಬರು ಹೆಂಗಸರೂ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಅವನಿಗೆ ಯಾರೂ ಏನನ್ನೂ ಹೇಳಬೇಕಾಗಲಿಲ್ಲ. ಬಾಟಲಿಯನ್ನು ಕೆಳಗಿಡುವುದನ್ನೂ ಮರೆತು ನಿಂತ.

"ಮಂಗಳವಾರ ಬೆಳಿಗ್ಗೆ ನಾನು ಎಲ್ಲಿದ್ದೆ?" ಅಮ್ಮಣ್ಣಿ ಕೇಳಿದಳು.

"ಮರದ ಎದುರು."

"ನನ್ನ ಫೋನು?"

"ನನ್ನ ಕೈಯಲ್ಲಿ. ಗುಡಿ ಅಂತ ಸೈಲೆಂಟ್ ಮಾಡಿ ಇಟ್ಟಿತ್ತು. ಫೋಟೋ ತೆಗೀತಾ ಇದ್ದೆ. ಅಕ್ಷಿತಾಳ ಮೆಸೇಜು ಬಂತು. ಆಮೇಲೆ ವಿಡಿಯೋ ಕರೆ. ಮೂರು ಸಲ."

ಅಕ್ಷಿತಾ ಅಕ್ಕನ ಒಬ್ಬಳೇ ಮಗಳು. ವಿಡಿಯೋ ಕರೆ ಯಾಕೆ ಎಂದು ಗಲ್ಫಿನಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿರುವವರು ತಮ್ಮವರ ಕೊನೆಯ ಮುಖ ನೋಡುವುದೇ ಹಾಗೆ. ಯಾರೋ ಒಬ್ಬರು ಫೋನನ್ನು ಎತ್ತಿ ಹಿಡಿಯುತ್ತಾರೆ. ಇಲ್ಲಿ ಕೆಲಸದ ಬಟ್ಟೆಯಲ್ಲೇ ಕೂತು ನೋಡುತ್ತಾರೆ.

"ನೀವು ತೆಗೀಲಿಲ್ಲ."

"ಇಲ್ಲ."

"ಯಾಕೆ?"

ಪುರಂದರ ಎದುರು ನೆಲದ ಮೇಲೆ ಕೂತ. "ನಿನಗೆ ಗೊತ್ತಾದರೆ ಅಲ್ಲಿಗೆ ಮುಗೀತಿತ್ತು ಅಮ್ಮಣ್ಣಿ. ಅಕ್ಕನ ಸೂತಕ ನಿನಗೆ ಪೂರ್ತಿ. ಆ ಅಂಗಳದಿಂದ ಆಗಲೇ ಇಳಿದು, ತಲೆಗೆ ನೀರು ಹಾಕಿಕೊಂಡು, ಉಳಿದ ಎರಡು ದಿನ ಎಲ್ಲ ಗುಡಿಗಳ ಹೊರಗೆ ಕೂತಿರ್ತಿದ್ದೆ. ಅಲ್ಲಿಂದ ಊರಿಗೆ ಎರಡು ವಿಮಾನ, ಇಡೀ ಒಂದು ದಿನ. ಅವರು ಮಧ್ಯಾಹ್ನಕ್ಕೇ ಮುಗಿಸ್ತೇವೆ ಅಂದಿದ್ದರು. ಮುಖ ಹೇಗೂ ಸಿಗ್ತಿರಲಿಲ್ಲ. ಕಿವಿಗೆ ಬಿದ್ದ ಮೇಲೆ ಅಲ್ವಾ ಸೂತಕ? ಫೋನಿನ ನೆಟ್ ಬಂದ್ ಮಾಡಿ, ನಿನ್ನ ಕಿವಿಗೆ ಬೀಳದ ಹಾಗೆ ನೋಡಿಕೊಂಡೆ."

ಅವರದು ತಾಯಿಯ ಕಡೆಯಿಂದ ಸಂತಾನ ಎಣಿಸುವ ಮನೆತನ. ಅಕ್ಕ ಸತ್ತರೆ ತಂಗಿಗೆ ಸೂತಕ. ತಂಗಿಯ ಗಂಡ ಬೇರೆ ಬಳಿಯವನು, ಎಂದರೆ ಬೇರೆ ತಾಯಿಯ ಕುಲದವನು, ಅವನಿಗಿಲ್ಲ. ಪುರಂದರ ಅದನ್ನೆಲ್ಲ ಆ ಗೋಡೆಯ ಎದುರು ನಿಂತು ಲೆಕ್ಕ ಹಾಕಿದ್ದ. ಪ್ರತಿ ಕರೆ ತಾನಾಗಿ ನಿಂತ ಮೇಲೆ ಇನ್ನೊಂದು ಫೋಟೋಕ್ಕೆ ನಿಲ್ಲು ಎಂದಿದ್ದ.

"ಎರಡು ವಿಮಾನ," ಎಂದಳು ಅಮ್ಮಣ್ಣಿ. ದನಿ ಏರಲಿಲ್ಲ. "ಅಳುವುದಕ್ಕೂ ವಿಮಾನ ಬೇಕಾ? ಅಕ್ಕ ಚಾಪೆಯಲ್ಲಿ ಮಲಗಿದ್ದಾಗ ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆನಲ್ಲ. ಹದಿನಾಲ್ಕು ಸಲ ನಿಲ್ಲಿಸಿದಿರಿ."

"ನಿನ್ನ ಮುಖ ಹಾಗೆ ಇದ್ದದ್ದು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ. ಅದನ್ನು ಮುರೀಲಿಕ್ಕೆ ಆಗಲಿಲ್ಲ ನನಗೆ."

ಅವನು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಈ ಎರಡು ರಾತ್ರಿ ಅವನು ನಿದ್ದೆ ಮಾಡಿಲ್ಲ ಎಂಬುದೂ ಈಗ ಕಂಡಿತು. ಕಂಡಿದ್ದರಿಂದ ಏನೂ ಹಗುರವಾಗಲಿಲ್ಲ. ಸಿಟ್ಟು ಮಾಡಲು ಕೆಟ್ಟವನಾದರೂ ಸಿಕ್ಕಿದ್ದರೆ ಆಗುತ್ತಿತ್ತು.

ಮೆಟಿಲ್ಡಾ ಅಮ್ಮಣ್ಣಿಯನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದಳು. ಜೂನ್ ತಿಂಗಳಲ್ಲಿ ಇಲ್ಲಿ ಟ್ಯಾಂಕಿನ ನೀರು ಕುದಿಯುತ್ತದೆ; ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಸಾವಿನ ಸ್ನಾನವೋ ತಣ್ಣೀರಿನದು. ಬಚ್ಚಲ ಮೂಲೆಯಲ್ಲಿ ಎರಡು ಬಕೆಟ್ ನೀರು ತುಂಬಿ, ಮೇಲೆ ಟವೆಲು ಮುಚ್ಚಿ ಇಟ್ಟಿತ್ತು. ಬೆಳಿಗ್ಗೆ ಅವಳು ಮಲಗಿದ್ದಾಗ ಪುರಂದರ ಹಿಡಿದು, ಆರಲು ಇಟ್ಟದ್ದು. ಅಮ್ಮಣ್ಣಿ ಕೈ ಅದ್ದಿ ನೋಡಿದಳು. ತಣ್ಣಗಿತ್ತು. ಅಲ್ಲಿಯವರೆಗೆ ತಡೆದದ್ದು ಆಗ ತಡೆಯಲಿಲ್ಲ. ತಂಬಿಗೆಯ ಮೇಲೆ ತಂಬಿಗೆ ತಲೆಗೆ ಸುರಿದುಕೊಂಡು, ಅಕ್ಕಾ ಎಂದು ಕೂಗಿ ಅತ್ತಳು. ಹೊರಗೆ ಮೆಟಿಲ್ಡಾ ಬಾಗಿಲಿಗೆ ಹಣೆಯಾನಿಸಿ ನಿಂತಿದ್ದಳು.

ಹೊರಬಂದವಳು ಒದ್ದೆ ಕೂದಲಲ್ಲೇ ಮೆಟಿಲ್ಡಾಳ ಫೋನು ಕೇಳಿ ಅಕ್ಷಿತಾಳಿಗೆ ಕರೆ ಮಾಡಿದಳು. ಬಹಳ ಹೊತ್ತು ಎರಡೂ ಕಡೆ ಅಳುವೇ ಇತ್ತು. ಪುರಂದರ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದ.

ಕೊನೆಗೆ ಅಕ್ಷಿತಾ ಕೇಳಿಯೇಬಿಟ್ಟಳು. "ಚಿಕ್ಕಮ್ಮ, ಮೂರು ಸಲ ಮಾಡಿದೆ. ನಿಮಗೋಸ್ಕರ ಅಮ್ಮನನ್ನು ಎತ್ತುವುದನ್ನು ಅರ್ಧ ಗಂಟೆ ನಿಲ್ಲಿಸಿದ್ದೆವು. ಎಲ್ಲರೂ ಕಾಯ್ತಾ ಇದ್ದರು. ಯಾಕೆ ತೆಗೀಲಿಲ್ಲ? ಚಿಕ್ಕಪ್ಪ ಸಂಜೆ ಮಾಡಿ, ಸಿಗ್ನಲ್ ಇರಲಿಲ್ಲ ಅಂದರು. ರಿಂಗ್ ಆಗ್ತಾ ಇತ್ತಲ್ಲ ಚಿಕ್ಕಮ್ಮ."

ಅಮ್ಮಣ್ಣಿ ಗಂಡನ ಕಡೆ ನೋಡಿದಳು. ಅವನು ಫೋನು ತನಗೆ ಕೊಡು ಎನ್ನುವಂತೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಫೋನು ನನ್ನ ಚೀಲದಲ್ಲೇ ಇತ್ತು ಮಗಾ," ಎಂದಳು. "ಗುಡಿಯಲ್ಲಿ ಶಬ್ದ ಮಾಡಬಾರದು ಅಂತ ನಾನೇ ಸೈಲೆಂಟ್ ಮಾಡಿ ಇಟ್ಟಿದ್ದೆ. ಮರೆತೆ. ಚಿಕ್ಕಪ್ಪ ನನ್ನನ್ನು ಉಳಿಸ್ಲಿಕ್ಕೆ ಹಾಗೆ ಹೇಳಿದ್ದು."



"ಆಯ್ತು, ಇರಲಿ," ಎಂದಳು ಅಕ್ಷಿತಾ. ಅವಳ ಸ್ವರ ದೂರ ಸರಿದಿತ್ತು. "ಶನಿವಾರ ಬರ್ತೀರಲ್ಲ. ಬೊಜ್ಜಕ್ಕೆ ಇರ್ತೀರಲ್ಲ."

"ಬರ್ತೇನೆ ಮಗಾ," ಎಂದು ಅಮ್ಮಣ್ಣಿ ಹೇಳುವಷ್ಟರಲ್ಲಿ ಕರೆ ಕಡಿದಿತ್ತು.

ಫೋನನ್ನು ಮೆಟಿಲ್ಡಾಳ ಮಡಿಲಿಗಿಟ್ಟಳು. ಪುರಂದರ ಏನೋ ಹೇಳಲು ಬಾಯಿ ತೆರೆದ. ಅವಳು ಬೇಡ ಎಂದು ತಲೆಯಾಡಿಸಿ, ಅವನಿಗೆ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ ಕೂತಳು.