ಒಂದು ವಾರದ ಮೇಲೆ ಬಂದ ಫೋನು

ನನ್ನ ಬಾಯಿ ಜೋರು ಅಂತ ನಮ್ಮ ಬೀದಿಗೆಲ್ಲ ಗೊತ್ತು. ಆ ಬಾಯಿಂದ ನನ್ನ ಸ್ವಂತ ತಮ್ಮನನ್ನು ಸುಳ್ಳುಗಾರ ಅಂದುಬಿಟ್ಟಿದ್ದೆ. ಅದು ತಪ್ಪು ಅಂತ ತಿಳಿದದ್ದು ಹೇಗೆ ಅನ್ನುವುದನ್ನು ಹೇಳುತ್ತೇನೆ, ಕೇಳಿ.

ನಮ್ಮದು ವಾಚ್ ರಿಪೇರಿ ಅಂಗಡಿ. ಗಿರಾಕಿಗಳ ಜೊತೆ ಮಾತು ನನ್ನದು, ಕೆಲಸ ತಮ್ಮನದು. ಅವನಿಗೆ ಮೂರ್ಛೆ ರೋಗ, ಅಂದರೆ ಫಿಟ್ಸ್ ಇದೆ. ಮಾತ್ರೆ ತಪ್ಪದೆ ತಗೊಳ್ಳುವುದರಿಂದ ಎರಡು ವರ್ಷದಲ್ಲಿ ಒಂದು ಸಲವೂ ಬಿದ್ದಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಎಳ್ಳಿನಷ್ಟು ಸಣ್ಣ ಸ್ಕ್ರೂಗಳನ್ನು ಬಿಚ್ಚಿ, ಒಂದೂ ಅದಲುಬದಲಾಗದಂತೆ ಮತ್ತೆ ಕೂರಿಸುತ್ತಾನೆ. ಅಂಥವನು ಮನೆಯ ವಿಷಯ ಮರೆಯುತ್ತಾನೆ ಅಂದರೆ ಯಾರು ನಂಬುತ್ತಾರೆ? ನಾನಂತೂ ನಂಬಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ನನ್ನ ಮಗಳು ಶಾಲೆಯ ನಾಟಕದ ಮಾತು ತೆಗೆದಳು. ಅದರಲ್ಲಿ ಅವಳದು ಮರದ ಪಾತ್ರ. ನಾಟಕ ಮುಗಿದು ಮೂರು ವಾರವಾಗಿತ್ತು. ನನ್ನ ತಮ್ಮ ತಟ್ಟೆಯಿಂದ ತಲೆ ಎತ್ತಿ, “ನೀನು ನಾಟಕ ಮಾಡಿದ್ಯಾ ಪುಟ್ಟಿ? ನನ್ನ ಯಾಕೆ ಕರೀಲಿಲ್ಲ?” ಅಂದ.

ಮುಂದಿನ ಸಾಲಿನಲ್ಲೇ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಅವನು. ನಾಟಕದ ನಡುವೆ ‘ಮರ’ ಸೀನಿದ್ದನ್ನು ಮರುದಿನ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸಿದ್ದ. ಮಗಳ ಮುಖ ಬಾಡಿಹೋಯಿತು. “ಮಾವಂಗೆ ನಾನು ಲೆಕ್ಕಕ್ಕೇ ಇಲ್ಲ,” ಅಂತ ಅರ್ಧ ಊಟಕ್ಕೇ ಎದ್ದಳು.

“ಸುಳ್ಳಿಗೂ ಒಂದು ಮಿತಿ ಇರ್ಬೇಕು ಕಣೋ,” ಅಂದೆ ನಾನು. “ನಿಂಗೆ ಬೇಕಾದ್ದು ಮಾತ್ರ ನೆನಪಿರುತ್ತೆ, ಅಲ್ವಾ?”

“ಇಲ್ಲ ಅಕ್ಕ, ಅಲ್ಲಿಗೆ ಹೋಗಿದ್ದೇ ನೆನಪಿಲ್ಲ. ಈ ಮಾತ್ರೆನೇ ನನ್ನ ತಲೆ ಕೆಡಿಸ್ತಿರೋದು. ನಾಳೆಯಿಂದ ನಿಲ್ಲಿಸಿಬಿಡ್ತೀನಿ.”

“ನಿಲ್ಸು, ನಿನ್ನಿಷ್ಟ,” ಅಂದೆ. ಸಿಟ್ಟಿನಲ್ಲಿ ಆಡಿದ ಆ ಮಾತು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪುಣ್ಯಕ್ಕೆ ಮರುದಿನ ಬೆಳಿಗ್ಗೆ ಪಕ್ಕದ ಮನೆಯ ನರ್ಸಮ್ಮ ವಾಚಿಗೆ ಸೆಲ್ ಹಾಕಿಸಲು ಬಂದರು. ಮಾತ್ರೆ ನಿಲ್ಲಿಸುವ ಮಾತನ್ನೇ ತಮ್ಮ ಅವರಿಗೂ ಹೇಳಿದ.

“ಬೆಳಗಿನ ಮಾತ್ರೆ ತಗೊಂಡ್ಯಾ, ಇಲ್ವಾ?”

“ಇಲ್ಲ.”

“ಮೊದ್ಲು ಹೋಗಿ ತಗೊಂಡು ಬಾ, ಆಮೇಲೆ ಮಾತು. ಇದ್ದಕ್ಕಿದ್ದಂಗೆ ಬಿಟ್ರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ಪ್ರಾಣಕ್ಕೇ ಕುತ್ತಾಗ್ಬಹುದು. ಮರೆವು ಇದೆ ಅಂದ್ರೆ ಡಾಕ್ಟ್ರಿಗೆ ಹೇಳ್ಬೇಕು, ಮಾತ್ರೆ ಬಿಡೋದಲ್ಲ.”

ಅವನು ಮಾತ್ರೆ ನುಂಗಿ ಬಂದ ಮೇಲೆ ನನ್ನ ಕಡೆ ತಿರುಗಿದರು. “ನಮ್ಮ ಆಸ್ಪತ್ರೆಲಿ ಫಿಟ್ಸ್ ಇರೋರ ನೆನಪಿನ ಬಗ್ಗೆ ಅಧ್ಯಯನ ನಡೀತಿದೆ. ಹೋಲಿಸಿ ನೋಡೋಕೆ ಫಿಟ್ಸ್ ಇಲ್ಲದೋರೂ ಬೇಕು. ನೀನೂ ಬಾಮ್ಮ.”

“ಬರದೆ ಏನು? ಇವನ ಬಂಡವಾಳ ಬಯಲಾಗ್ಲಿ,” ಅಂದೆ.

ಆಸ್ಪತ್ರೆಯಲ್ಲಿ ನಮ್ಮನ್ನು ಕೂರಿಸಿಕೊಂಡ ಸಂಶೋಧಕಿಗೆ ನನ್ನ ಅರ್ಧ ವಯಸ್ಸು. ಇಟ್ಟ ವಸ್ತು ಎಷ್ಟು ಸಲ ಹುಡುಕುತ್ತಾನೆ, ಹೇಳಿದ್ದನ್ನೇ ಎಷ್ಟು ಸಲ ಹೇಳುತ್ತಾನೆ ಅಂತ ಅವನನ್ನೂ ಕೇಳಿದಳು, ನನ್ನನ್ನೂ ಕೇಳಿದಳು. ಆಮೇಲೆ ಒಬ್ಬ ಅಂಚೆಯವನ ಪುಟ್ಟ ಕಥೆ ಓದಿದಳು. ಅವನ ಕೆಂಪು ಸೈಕಲ್ಲು, ಚೀಲ ಕಚ್ಚಿಕೊಂಡು ಓಡಿದ ನಾಯಿ, ಅಜ್ಜಿ ಕೊಟ್ಟ ಹರಿದ ಕೊಡೆ, ಹೀಗೆ ಇಪ್ಪತ್ತು ವಿವರ. ಅರ್ಧ ಗಂಟೆ ಬಿಟ್ಟು ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದಳು. ತಮ್ಮ ಹದಿನಾರು ಹೇಳಿದ. ನಾನು ಹೇಳಿದ್ದು ಹದಿನಾಲ್ಕು.

“ನೋಡಿದ್ರಾ? ನನಗಿಂತ ಚೆನ್ನಾಗಿ ನೆನಪಿದೆ. ಮನೆಗೆ ಬಂದ್ರೆ ಮಾತ್ರ ಮರೆವು,” ಅಂದೆ. ತಮ್ಮ ತಲೆ ತಗ್ಗಿಸಿ ಕೂತಿದ್ದ.

“ಇನ್ನೂ ಮುಗಿದಿಲ್ಲ ಅಕ್ಕ,” ಅಂದಳು ಹುಡುಗಿ. “ಮುಂದಿನ ವಾರ ಫೋನ್ ಮಾಡ್ತೀನಿ.”

ಫೋನು ಅಂಗಡಿಗೇ ಬಂತು. ತಮ್ಮನನ್ನು ಹೊರಗೆ ನಿಲ್ಲಿಸಲು ಹೇಳಿ ಮೊದಲು ನನ್ನ ಕೈಲಿ ಅಂಚೆಯವನ ಕಥೆ ಹೇಳಿಸಿದಳು. ಸೈಕಲ್ಲು, ನಾಯಿ, ಕೊಡೆ, ಹನ್ನೊಂದು ವಿವರ ಬಂದವು. ಆಮೇಲೆ ಅವನ ಸರದಿ.

“ಕಥೆನಾ?” ಅಂದ ಅವನು. “ಯಾವ ಕಥೆ ಮೇಡಂ?”

ಕಣ್ಣು ಮುಚ್ಚಿಕೊಂಡ. ಹಣೆಯಲ್ಲಿ ಬೆವರು ಬಂತು. “ನೀವು ಏನೋ ಓದಿದ ಹಾಗೆ… ಇಲ್ಲ. ಏನೂ ಬರ್ತಿಲ್ಲ.”

ಅವತ್ತು ನನ್ನನ್ನು ಸೋಲಿಸಿದವನು ಇವತ್ತು ಬೇಕಂತ ಸೋಲುತ್ತಾನಾ? ಅವನ ಮುಖದಲ್ಲಿದ್ದದ್ದು ಭಯ. ಇಷ್ಟು ದಿನ ಅದನ್ನು ನಾನು ಕಳ್ಳಾಟ ಅಂದುಕೊಂಡಿದ್ದೆ.

ಫೋನು ನಾನು ತಗೊಂಡಾಗ, “ನಾವು ಹುಡುಕ್ತಿರೋದೂ ಇದನ್ನೇ,” ಅಂದಳು ಹುಡುಗಿ. “ಫಿಟ್ಸ್ ಇರೋ ಎಲ್ಲರಿಗೂ ಹೀಗಾಗಲ್ಲ. ಆದ್ರೆ ಕೆಲವರಿಗೆ ನೋಡಿದ್ದು ಕೇಳಿದ್ದು ಒಂದೆರಡು ದಿನ ಚೆನ್ನಾಗಿ ನೆನಪಿರುತ್ತೆ, ಆಮೇಲೆ ಬೇಗ ಜಾರಿಹೋಗುತ್ತೆ. ಅರ್ಧ ಗಂಟೆಗೆ ಪರೀಕ್ಷೆ ನಿಲ್ಲಿಸಿದ್ರೆ ನಮಗೂ ಗೊತ್ತಾಗ್ತಿರ್ಲಿಲ್ಲ. ಕೈ ಕಲಿತ ಕೆಲಸದ ನೆನಪು ಬೇರೆ ಅಕ್ಕ, ನಡೆದ ಸಂಗತಿಯ ನೆನಪು ಬೇರೆ.”

“ಮಾತ್ರೆಯಿಂದ್ಲೇನಮ್ಮ?”

“ಮಾತ್ರೆ ಇರಬಹುದು, ನಿದ್ದೆಗೇಡು, ಚಿಂತೆ, ಯಾರಿಗೂ ಕಾಣದ ಸಣ್ಣ ಫಿಟ್ಸ್, ಏನು ಬೇಕಾದ್ರೂ ಇರಬಹುದು. ಡಾಕ್ಟ್ರು ನೋಡಿ ಹೇಳ್ಬೇಕು.”

ಡಾಕ್ಟರು ನೋಡಿದರು, ಅದೇ ಮಾತ್ರೆ ಮುಂದುವರಿಸಲು ಹೇಳಿದರು. ಈಗ ವಾರದ ಏಳು ದಿನಕ್ಕೆ ಏಳು ಖಾನೆಯ ಮಾತ್ರೆ ಡಬ್ಬಿ ಬಂದಿದೆ. ಒಂದು ನೋಟ್‌ಬುಕ್ಕೂ ಇದೆ. ದಿನವೂ ನಡೆದದ್ದನ್ನು ಮಗಳು, ತಮ್ಮ ಸೇರಿ ಅದರಲ್ಲಿ ಬರೆಯುತ್ತಾರೆ, ಫೋಟೋ ಅಂಟಿಸುತ್ತಾರೆ, ಎರಡು ದಿನಕ್ಕೊಮ್ಮೆ ತಿರುವಿ ನೋಡುತ್ತಾರೆ. ಎಲ್ಲವೂ ಉಳಿಯುತ್ತದೆ ಅಂತಲ್ಲ. ಆದರೆ ಊಟದ ಹೊತ್ತಿಗೆ ಮನೆಯಲ್ಲಿ ಜಗಳವಿಲ್ಲ, ನೆಮ್ಮದಿಯಾಗಿದ್ದೇವೆ.

ಫೋನ್ ಬಂದ ದಿನವೇ ತಮ್ಮನ ಹತ್ತಿರ ಹೋಗಿ, “ನಿನ್ನ ಸುಳ್ಳುಗಾರ ಅಂದಿದ್ದು ತಪ್ಪಾಯ್ತು ಕಣೋ,” ಅಂದೆ.

“ನೀನು ತಪ್ಪಾಯ್ತು ಅಂದಿದ್ದೂ ಮರೆತುಹೋದ್ರೆ?” ಅಂದ ಅವನು.

“ಮತ್ತೆ ಹೇಳ್ತೀನಿ. ನನ್ನ ಗಂಟೇನು ಹೋಗುತ್ತೆ?”

ಇಲ್ಲಿಯವರೆಗೆ ಮೂರು ಸಲ ಹೇಳಿದ್ದೇನೆ. ಮೂರು ಸಲವೂ ಅವನು ಅಷ್ಟೇ ಖುಷಿಪಟ್ಟ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಫಿಟ್ಸ್ ಇರುವವರು ಇರಬಹುದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ನಿಲ್ಲಿಸಲು ಬಿಡಲೂ ಬೇಡಿ. ಮರೆವಿನ ವಿಷಯ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಏನೇನು ಮರೆತುಹೋಯಿತು ಅಂತ ಬರೆದುಕೊಂಡು ಹೋಗಿ. ಅದಕ್ಕೂ ಮೊದಲು, ಇವತ್ತೇ, ಅವರ ಪಕ್ಕ ಕೂತು “ನೀನು ಹೇಳಿದ್ದನ್ನ ನಾನು ನಂಬ್ತೀನಿ” ಅನ್ನಿ. ನಾನು ತಡ ಮಾಡಿದೆ, ನೀವು ಮಾಡಬೇಡಿ.