ದಿನಕ್ಕೊಂದು ದೆವ್ವ

ಬಾವನ ಬಾಯಲ್ಲಿರುವ ಮುಂದಿನ ಎರಡು ಹಲ್ಲು ಪುಕ್ಕಿ ಮಾಡಿದ್ದು. ಕೂರಿಸಿದ್ದು ದಂತವೈದ್ಯರಾದರೂ ಬಣ್ಣ ಹೊಂದಿಸಿ, ಅರದಿಂದ ಉಜ್ಜಿ, ಯಾರಿಗೂ ಗೊತ್ತಾಗದ ಹಾಗೆ ತಿದ್ದಿದವಳು ಅವಳೇ. ಆ ಹಲ್ಲುಗಳನ್ನೇ ಬಿಟ್ಟುಕೊಂಡು ಬಾವ ಸೆಪ್ಟೆಂಬರ್ ಕೊನೆಯ ಭಾನುವಾರ, ಊಟಕ್ಕೆ ಸೇರಿದ್ದ ಹದಿನೈದು ಜನರ ಮುಂದೆ ಅವಳನ್ನು ನೋಡಿ ನಕ್ಕರು. ಆಗಿದ್ದಿಷ್ಟೇ. ಪುಕ್ಕಿ ಕೈತೊಳೆಯಲು ಬಚ್ಚಲಿಗೆ ಹೋದವಳು ಬಾಗಿಲ ಹಿಂದೆ ನೇತಾಡುತ್ತಿದ್ದ ಬಾವನ ಉದ್ದ ಕೋಟನ್ನು ಕಂಡು, ಬೀದಿಯ ಆ ತುದಿಗೆ ಕೇಳುವ ಹಾಗೆ ಕಿರುಚಿದ್ದಳು.

“ನಲವತ್ತಾರು ವರ್ಷ ಆಯ್ತು, ಇನ್ನೂ ಕೋಟಿಗೆ ಹೆದರ್ತಾಳೆ. ಒಳಗೆ ನಾನಿದ್ದಿದ್ರೆ ಏನು ಮಾಡ್ತಿದ್ದೆ ಪುಕ್ಕಿ?” ಎಂದರು ಬಾವ.

“ನೀವಿದ್ದಿದ್ರೆ ಇನ್ನೂ ಜೋರಾಗಿ ಕಿರುಚ್ತಿದ್ದೆ. ನಾನು ಮಾಡಿಕೊಟ್ಟ ಹಲ್ಲಲ್ಲೇ ನನ್ನ ನೋಡಿ ಕಿಸೀತೀರಲ್ಲ, ನಾಚಿಕೆ ಆಗಲ್ವಾ?”

ಪುಕ್ಕಿ ಎನ್ನುವುದು ಹುಟ್ಟಿದಾಗ ಇಟ್ಟ ಹೆಸರಲ್ಲ, ಪುಕ್ಕಲಿಯನ್ನು ಮನೆಯವರು ಮುದ್ದಿಗೆ ಮೊಟಕು ಮಾಡಿದ್ದು. ಅವಳಿಗಿಂತ ಏಳು ವರ್ಷಕ್ಕೆ ದೊಡ್ಡವಳಾದ ಅಕ್ಕ ಚಿಕ್ಕಂದಿನಲ್ಲಿ ಪ್ರತಿದಿನ ಮಲಗುವ ಮುಂಚೆ ಒಂದು ದೆವ್ವದ ಕತೆ ಹೇಳುತ್ತಿದ್ದಳು. ಬಾವಿಯಿಂದ ಬರುವ ಕೈ, ಮಂಚದ ಕೆಳಗಿನ ಅಜ್ಜಿ, ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗುವ ಪೋಸ್ಟ್‌ಮನ್. ಅಂದಿನಿಂದ ಪುಕ್ಕಿಗೆ ಹಗ್ಗ ಕಂಡರೂ ಹಾವು, ಕೋಟು ಕಂಡರೂ ಪೋಸ್ಟ್‌ಮನ್.

ಆ ದಿನ ಎಲ್ಲರ ಫೋನಿಗೂ ಒಂದು ಜಾಹೀರಾತು ಬಂದಿತ್ತು. ಅಕ್ಟೋಬರ್ ಪೂರ್ತಿ ದಿನಕ್ಕೊಂದು ದೆವ್ವದ ಸಿನಿಮಾ, ಒಟ್ಟು ಮೂವತ್ತೊಂದು. ಬಾವ ಅದನ್ನು ಅವಳ ಮೂಗಿನ ಕೆಳಗೆ ಹಿಡಿದು, “ಇದ್ರಲ್ಲಿ ಮೂರು ನೋಡು, ಸಾಕು” ಎಂದರು.

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಹೀಗೇ. “ಮೂರು ಯಾಕೆ? ಮೂವತ್ತೊಂದೂ ನೋಡ್ತೀನಿ. ಒಂದೊಂದಕ್ಕೂ ವಿಮರ್ಶೆ ಬರೆದು ಮನೆಯವರ ಗ್ರೂಪಿಗೆ ಹಾಕ್ತೀನಿ. ಆಮೇಲೆ ನನ್ನ ಯಾರೂ ಪುಕ್ಕಿ ಅನ್ನಬಾರದು” ಎಂದುಬಿಟ್ಟಳು. ಹೈಸ್ಕೂಲಿನ ಹೆಡ್‌ಮಿಸ್ಸಾದ ಅಕ್ಕ ಚಮಚ ಕೆಳಗಿಟ್ಟು, “ನೋಡೇ ಬರೀಬೇಕು” ಎಂದಳು, ಪರೀಕ್ಷೆಯ ನಿಯಮ ಓದಿದ ಹಾಗೆ.

ಪುಕ್ಕಿ ಕೆಲಸ ಮಾಡುವ ಜಾಗ ಒಂದು ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಎರಡು ಕೋಣೆ. ಒಂದರಲ್ಲಿ ಪ್ಲಾಸ್ಟರಿನ ಮೂಟೆ, ಮೇಣ ಕಾಯಿಸುವ ಒಲೆ, ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು. ಇನ್ನೊಂದರಲ್ಲಿ ಮೇಷ್ಟ್ರು. ಹಲ್ಲಿನ ಸೆಟ್ಟು ಮಾಡುವ ವಿದ್ಯೆಯನ್ನು ಅವಳಿಗೆ ಕಲಿಸಿದವರು, ಈ ಹಲ್ಲಿನ ಲ್ಯಾಬಿನ ಮಾಲೀಕರು, ಎಪ್ಪತ್ತರ ಹತ್ತಿರದವರು. ಮೂರು ಸಾವಿರ ಬಾಯಿಗಳ ಅಚ್ಚು ನೋಡಿದ ಮೇಲೆ ಅವರಿಗೆ ಯಾವ ಮುಖದ ಮೇಲೂ ಗೌರವ ಉಳಿದಿರಲಿಲ್ಲ.

ಅಚ್ಚಿಗೆ ತುಂಬಿದ ಗುಲಾಬಿ ಪ್ಲಾಸ್ಟಿಕ್ ವಸಡು ಬಿಸಿನೀರಿನಲ್ಲಿ ಗಟ್ಟಿಯಾಗಲು ಒಂದೂವರೆ ಗಂಟೆ ಬೇಕು. ಸಿನಿಮಾಕ್ಕೂ ಅಷ್ಟೇ. ಅಕ್ಟೋಬರ್ ಒಂದನೇ ತಾರೀಕು ಮಧ್ಯಾಹ್ನ, ಎಲ್ಲ ಕಿಟಕಿ ತೆರೆದು, ಎಲ್ಲ ದೀಪ ಹಚ್ಚಿ, ಪುಕ್ಕಿ ಫೋನನ್ನು ಒಂದು ಪ್ಲಾಸ್ಟರಿನ ದವಡೆಗೆ ಒರಗಿಸಿಟ್ಟಳು. ಹೆಸರು ತೋರಿಸುವ ಹೊತ್ತಿಗೇ ಕೈಗೆ ಸಿಕ್ಕ ತಟ್ಟೆಯೊಂದನ್ನು ಮುಖಕ್ಕೆ ಅಡ್ಡ ಹಿಡಿದಳು.

“ಮೇಷ್ಟ್ರೇ, ಸ್ವಲ್ಪ ಬನ್ನಿ. ನೀವು ನೋಡಿ ನನಗೆ ಹೇಳಿ.”

ಮೇಷ್ಟ್ರು ಕುರ್ಚಿ ಎಳೆದುಕೊಂಡರು.

“ಈಗ ಏನಾಯ್ತು?”

“ಬಾಗಿಲು ತೆಗೀತಾಳೆ.”

“ಯಾಕೆ ತೆಗೀತಾಳೆ?”

“ಬುದ್ಧಿ ಇಲ್ಲ, ಅದಕ್ಕೆ.”

“ಆಮೇಲೆ?”

“ನೆಲಮಾಳಿಗೆಗೆ ಇಳೀತಾಳೆ. ದೀಪ ಇಲ್ಲ. ಗಂಡ ಮಲಗಿದಾನೆ. ಇವರ ಮನೇಲಿ ಸ್ವಿಚ್ಚು ಅನ್ನೋದೇ ಇಲ್ವೇನಮ್ಮ?”

ಆ ಸಂಜೆ ಗ್ರೂಪಿನಲ್ಲಿ ಮೊದಲ ವಿಮರ್ಶೆ ಬಿತ್ತು: “ಒಂದು ಸಂಸಾರ ಹಳೇ ಮನೆಗೆ ಬಂತು. ಗೋಡೆ ಉಸಿರಾಡುತ್ತೆ, ನೆಲ ನರಳುತ್ತೆ, ಗಂಡ ಗೊರಕೆ ಹೊಡೀತಾನೆ. ಮೂರರಲ್ಲಿ ಹೆಂಡತಿಗೆ ನಿಜವಾದ ತೊಂದರೆ ಯಾವುದು ಅಂತ ನಿರ್ದೇಶಕರಿಗೆ ಕೊನೆವರೆಗೂ ಗೊತ್ತಾಗಲ್ಲ. ಮೂವತ್ತೆರಡಕ್ಕೆ ಹನ್ನೊಂದು ಹಲ್ಲು.”

ಗ್ರೂಪಿನಲ್ಲಿದ್ದ ನಲವತ್ತು ಜನರೂ ಒಂದೇ ಸಲ ಎದ್ದು ಕೂತರು. ಊಟ ಆಯ್ತಾ, ಶುಭೋದಯ ಎಂಬೆರಡು ಮಾತು ಬಿಟ್ಟರೆ ಮೂರು ವರ್ಷದಿಂದ ಅಲ್ಲಿ ಬೇರೆ ಸುದ್ದಿ ಇರಲಿಲ್ಲ. ಸೋದರತ್ತೆ, ಎಂಬತ್ತೊಂದರ ಮುದುಕಿ, ಧ್ವನಿ ಸಂದೇಶದಲ್ಲಿ ನಿಮಿಷಪೂರ್ತಿ ಬರೀ ನಕ್ಕಿದ್ದರು.

ನಾಲ್ಕನೆಯದು ರಕ್ತ ಹೀರುವವನ ಸಿನಿಮಾ. ಅದೊಂದನ್ನು ಮಾತ್ರ ಪುಕ್ಕಿ ತಟ್ಟೆ ಕೆಳಗಿಟ್ಟು ಪೂರ್ತಿ ನೋಡಿದಳು. ಕಟ್ಟಿಸಿಕೊಂಡ ಹಲ್ಲಿಗೆ ಅವಳು ಹೆದರಿದ್ದರೆ ಇಪ್ಪತ್ತು ವರ್ಷ ಅನ್ನ ತಿನ್ನಲು ಆಗುತ್ತಿರಲಿಲ್ಲ. ಬರೆದಳು: “ಮೇಲಿನ ಕೋರೆಹಲ್ಲು ಅಷ್ಟುದ್ದ ಇದ್ದರೆ ಬಾಯಿ ಮುಚ್ಚೋಕೆ ಬರಲ್ಲ. ಮುನ್ನೂರು ವರ್ಷ ಬಾಯಿ ತೆರೆದುಕೊಂಡೇ ಮಲಗಿದಾನೆ, ಪಾಪ. ಗಂಟಲ ಪಸೆ ಆರಿ ಸಿಕ್ಕಿದ್ದು ಕುಡೀತಾನೆ. ಕತ್ತಿನ ಮೇಲಿನ ಗುರುತಿಗೂ ಇವನ ಹಲ್ಲಿನ ಅಂತರಕ್ಕೂ ತಾಳೆ ಆಗಲ್ಲ. ಕಚ್ಚಿದೋನು ಬೇರೆ, ಇವನನ್ನು ಸುಮ್ಮನೆ ಸಿಕ್ಕಿಸಿದಾರೆ. ಒಂಬತ್ತು ಹಲ್ಲು, ಅದೂ ಅನುಕಂಪಕ್ಕೆ.” ಅದು ಗ್ರೂಪಿನಿಂದ ಗ್ರೂಪಿಗೆ ಹಾರಿ, ಕೊನೆಗೆ ಅವಳಿಗೆ ಕೆಲಸ ಕೊಡುವ ದಂತವೈದ್ಯರೇ ಅದನ್ನು ಅವಳಿಗೆ ಕಳಿಸಿ, “ಯಾರೋ ನಮ್ಮ ಕಡೆಯವರು ಬರೆದಿರಬೇಕು” ಎಂದರು.

ಉಳಿದದ್ದೆಲ್ಲ ಮೇಷ್ಟ್ರ ಕಣ್ಣು, ಪುಕ್ಕಿಯ ಕಿವಿ. ಭಾನುವಾರ ಅವಳು ಮೇಷ್ಟ್ರ ಮನೆಗೇ ಹೋಗಿ ಅವರ ಬೆನ್ನ ಹಿಂದೆ ಕೂರುತ್ತಿದ್ದಳು. ಹೊಗಳಿಕೆ ಏರಿದಷ್ಟೂ ಒಳಗೊಳಗೇ ಚುಚ್ಚುತ್ತಿತ್ತು. ಆದರೆ ನಲವತ್ತು ಜನ ಸಂಜೆ ಆರಕ್ಕೆ ಕಾಯುತ್ತಿದ್ದಾಗ ನಿಜ ಹೇಳುವುದು ಹೇಗೆ?

ಗುಟ್ಟು ರಟ್ಟು ಮಾಡಿದ್ದು ಹದಿನಾರನೆಯ ದಿನದ ಸಿನಿಮಾ. ಅಂದು ಮೇಷ್ಟ್ರು ಎರಡು ತಟ್ಟೆ ಅನ್ನ ತಿಂದು ಕೂತಿದ್ದರು. ಕತೆಯಲ್ಲಿ ಸತ್ತ ಅತ್ತೆಯೊಬ್ಬಳು ಸೊಸೆಯನ್ನು ಕಾಡುತ್ತಿದ್ದಳು. ಅರ್ಧಕ್ಕೆ ಬರುವಷ್ಟರಲ್ಲಿ ಮೇಷ್ಟ್ರ ಮಾತು ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ತಟ್ಟೆಯ ಹಿಂದಿದ್ದ ಪುಕ್ಕಿಗೆ ಅವರು ನಿದ್ದೆಹೋದದ್ದು ಕಾಣಲಿಲ್ಲ. ಅವರಿಗೆ ಎಚ್ಚರವಾದಾಗ ತೆರೆಯ ಮೇಲೆ ರೈಲೊಂದು ಹೋಗುತ್ತಿತ್ತು.

“ಕೊನೆಗೆ ಏನಾಯ್ತು ಮೇಷ್ಟ್ರೇ?”

ಮೇಷ್ಟ್ರು ಕಣ್ಣು ಉಜ್ಜಿಕೊಂಡರು. “ರಾಜಿ ಆದ್ರಮ್ಮ. ಅತ್ತೆ ರೈಲು ಹತ್ತಿ ಹೊರಟಳು. ಸೊಸೆ ಕೈ ಬೀಸಿದಳು.”

ಪುಕ್ಕಿಯ ಕಣ್ಣು ತುಂಬಿತು. ಆ ದಿನ ಮೊದಲ ಸಲ ಮೂವತ್ತೆರಡಕ್ಕೆ ಮೂವತ್ತೆರಡು ಹಲ್ಲು ಕೊಟ್ಟು, “ಸತ್ತ ಮೇಲಾದರೂ ಒಬ್ಬ ಅತ್ತೆ ಬುದ್ಧಿ ಕಲಿತಳು” ಎಂದು ಬರೆದಳು.

ಮರುದಿನ ಬೆಳಿಗ್ಗೆ ಅಕ್ಕನ ಫೋನು.

“ರೈಲು ಹತ್ತಿದ್ಲಾ?”

“ಹೂಂ ಅಕ್ಕ. ಎಷ್ಟು ಚೆನ್ನಾಗಿ ತೆಗೆದಿದಾರೆ ಗೊತ್ತಾ?”

“ನಮ್ಮ ಸ್ಕೂಲಿನ ಗಣಿತದ ಮಿಸ್ಸು ನೋಡಿದಾಳೆ. ಅತ್ತೆ ಸೊಸೆನ ರೈಲಿನ ಕೆಳಗೆ ತಳ್ತಾಳಂತೆ.”

“ಹಾಂ? ತಳ್ತಾಳಾ?” ಎಂದಳು ಪುಕ್ಕಿ.

“ಮೂವತ್ತು ವರ್ಷ ಪರೀಕ್ಷೆ ಹಾಲಲ್ಲಿ ನಿಂತೋಳು ನಾನು. ಪಕ್ಕದೋರ ಪೇಪರ್ ನೋಡಿ ಬರೆದಿದ್ದು ವಾಸನೇಲೇ ಗೊತ್ತಾಗತ್ತೆ. ನಾಳೆ ಹತ್ತು ಗಂಟೆಗೆ ಬರ್ತೀನಿ. ನನ್ನ ಕಣ್ಣೆದುರಿಗೆ ನೋಡ್ಬೇಕು” ಎಂದು ಅಕ್ಕ ಫೋನಿಟ್ಟಳು.

ಭಾನುವಾರ ಹತ್ತಕ್ಕೆ ಎರಡು ನಿಮಿಷ ಇರುವಾಗಲೇ ಬಂದಳು. ಪುಕ್ಕಿಯ ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವನು, ಅಂದು ಮನೆಯಲ್ಲಿರಲಿಲ್ಲ. ಅಕ್ಕ ಸೋಫಾದ ನಡುವೆ ನೆಟ್ಟಗೆ ಕೂತು, ಪುಕ್ಕಿಯ ಕೈಯಲ್ಲಿದ್ದ ದಿಂಬನ್ನು ಕಸಿದು ಪಕ್ಕಕ್ಕಿಟ್ಟು, “ಶುರು ಮಾಡು” ಎಂದಳು.

ಆವತ್ತಿನದು ಒಂದು ಗೊಂಬೆಯ ಕತೆ. ಮೊದಲ ಐದು ನಿಮಿಷ ಗೊಂಬೆ ಸುಮ್ಮನಿತ್ತು. ಆರನೆಯ ನಿಮಿಷ ಕತ್ತು ತಿರುಗಿಸಿತು.

“ಗ್ಯಾಸ್ ಆಫ್ ಮಾಡಿದೀಯಾ?” ಎಂದಳು ಅಕ್ಕ.

“ಮಾಡಿದೀನಿ.”

“ನೋಡ್ಕೊಂಡು ಬರ್ತೀನಿ. ನೀನು ಏಳ್ಬೇಡ.”

ಹೋಗಿ ಬಂದಳು. ಗೊಂಬೆ ಮೆಟ್ಟಿಲು ಇಳಿಯತೊಡಗಿದಾಗ ನೀರು ಕುಡಿಯಲು ಎದ್ದಳು. ಹನ್ನೆರಡನೆಯ ನಿಮಿಷಕ್ಕೆ ಎದ್ದವಳು ಮತ್ತೆ ಬರಲಿಲ್ಲ. ಪುಕ್ಕಿ ಬಾಗಿಲ ಕಡೆ ನೋಡುತ್ತ, ಮುಖಕ್ಕೆ ಅಡ್ಡ ಹಿಡಿಯಲು ಏನೂ ಇಲ್ಲದೆ, ಕಾದಳು. ಅಡುಗೆಮನೆಯಿಂದ ಪಾತ್ರೆಯ ಸದ್ದು. ತೆರೆಯ ಮೇಲೆ ಗೊಂಬೆ, ಕೈಯಲ್ಲಿ ಕತ್ತರಿ. ಏನಾಯ್ತೆಂದು ಕೇಳಲು ಮೇಷ್ಟ್ರಿಲ್ಲ. ಪುಕ್ಕಿ ತಾನೇ ನೋಡಿದಳು. ಗೊಂಬೆ ಪರದೆ ಕತ್ತರಿಸಿತು, ದಿಂಬು ಕತ್ತರಿಸಿತು, ಮನೆಯೊಡೆಯನ ಮೀಸೆ ಅರ್ಧ ಕತ್ತರಿಸಿತು. ಅಲ್ಲಿಗೆ ಅವಳಿಗೆ ಕಿಸಕ್ಕನೆ ನಗು ಬಂತು. ಭಯ ಹೋಗಿರಲಿಲ್ಲ, ಭಯದ ಪಕ್ಕದಲ್ಲೇ ನಗುವೂ ಬಂದು ಕೂತಿತ್ತು.

ಸಿನಿಮಾ ನಿಲ್ಲಿಸಿ ಅಡುಗೆಮನೆಗೆ ಹೋದಳು. ಅಕ್ಕ ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆಯುತ್ತಿದ್ದಳು.

“ಅಕ್ಕ, ನೀನು ಹೆದರಿದೀಯಾ?”

“ಪಾತ್ರೆ ಜಿಡ್ಡಿತ್ತು.”

“ನಿನ್ನೆ ತೊಳೆದಿದ್ದು ಕಣೇ ಅದು.”

ಅಕ್ಕ ನಲ್ಲಿ ನಿಲ್ಲಿಸಿದಳು. ಸ್ವಲ್ಪ ಹೊತ್ತು ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು, ಒಣಗಿದ ಮೇಲೂ ಒರೆಸಿದಳು.

“ನಾನು ಇದುವರೆಗೆ ಒಂದೂ ದೆವ್ವದ ಸಿನಿಮಾ ನೋಡಿಲ್ಲ. ಪೋಸ್ಟರ್ ಅಂಟಿಸಿರೋ ಬೀದೀಲೂ ಹೋಗಲ್ಲ. ನಿಮ್ಮ ಬಾವಂಗೆ ಗೊತ್ತಿಲ್ಲ.”

“ಮತ್ತೆ ಅಷ್ಟೆಲ್ಲ ಕತೆ ಹೇಳ್ತಿದ್ದೆ? ತಲೆ ಇಲ್ಲದ ಪೋಸ್ಟ್‌ಮನ್?”

“ಆ ಮನೇಲಿ ನನ್ನ ಮಂಚ ಕಿಟಕಿ ಪಕ್ಕ ಇತ್ತು ನೆನಪಿದ್ಯಾ? ಒಬ್ಬಳೇ ಮಲಗೋಕೆ ಜೀವ ಹೋಗ್ತಿತ್ತು. ಹದಿಮೂರು ವರ್ಷದೋಳು, ಭಯ ಆಗತ್ತೆ ಅಂತ ಅಪ್ಪಂಗೆ ಹೇಳೋಕಾಗತ್ತಾ? ನಿನ್ನ ಹೆದರಿಸಿದ್ರೆ ನೀನೇ ದಿಂಬು ತಗೊಂಡು ಬಂದು ನನ್ನ ಪಕ್ಕ ಮಲಗ್ತಿದ್ದೆ.”

ಪುಕ್ಕಿಗೆ ಮೊದಲು ಬಂದದ್ದು ಕೋಪ. ನಲವತ್ತು ವರ್ಷ! ಬಚ್ಚಲಿನ ದೀಪ, ಮಂಚದ ಕೆಳಗೆ ಇಣುಕುವ ಚಟ, ಕೋಟು, ಟೋಪಿ, ಎಲ್ಲದರ ಲೆಕ್ಕ ಇವಳ ಮೇಲೆ ಹಾಕಬೇಕು ಅನಿಸಿತು. ಬಾಯಿ ತೆರೆದಳು. ಆದರೆ ಮೂವತ್ತು ವರ್ಷ ಮಕ್ಕಳನ್ನು ಗಡಗಡ ನಡುಗಿಸಿದ ಹೆಡ್‌ಮಿಸ್ಸು ಒಂದು ಪ್ಲಾಸ್ಟಿಕ್ ಗೊಂಬೆಗೆ ಹೆದರಿ ಸೆರಗು ಹಿಡಿದು ನಿಂತದ್ದನ್ನು ನೋಡಿ ಬೈಗುಳ ನಗೆಯಾಗಿ ಹೊರಬಂತು.

“ನಗ್ಬೇಡ್ವೇ” ಎಂದ ಅಕ್ಕನೂ ನಕ್ಕಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೇ ಕೂತರು.

ಆ ಮಧ್ಯಾಹ್ನ ಗೊಂಬೆಯ ಸಿನಿಮಾ ಮುಗಿಸಿದರು. ಭಯದ ಜಾಗ ಬಂದಾಗ ಅಕ್ಕ ಕಣ್ಣು ಮುಚ್ಚಿದಳು, ಪುಕ್ಕಿ ಹೇಳಿದಳು: “ಈಗ ಉಳಿದರ್ಧ ಮೀಸೆನೂ ಹೋಯ್ತು. ಈಗ ಬಾಗಿಲ ಹತ್ತಿರ ಬಂತು. ಈಗ ಮಾವನಿಗೆ ಕಚ್ಚಿತು. ಪರವಾಗಿಲ್ಲ, ಆ ಮಾವ ಅಷ್ಟೇನೂ ಒಳ್ಳೇವನಲ್ಲ.”

ಸಂಜೆ ಪುಕ್ಕಿ ಗ್ರೂಪಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದಳು. ಇಷ್ಟು ದಿನದಲ್ಲಿ ತಾನು ಕಣ್ಣು ಬಿಟ್ಟು ನೋಡಿದ್ದು ಎರಡೇ ಎರಡು, ಉಳಿದದ್ದು ಕೇಳಿ ಬರೆದದ್ದು, ರೈಲಿನ ರಾಜಿ ಮೇಷ್ಟ್ರ ಕನಸಿನದು. ಅಕ್ಕನ ವಿಷಯ ಮಾತ್ರ ಎತ್ತಲಿಲ್ಲ.

ಬಾವ ಕ್ಷಣದಲ್ಲಿ ಹಾರಿದರು: “ಸೋತಳು! ನಾನು ಹೇಳಿರಲಿಲ್ವಾ?” ಅದರ ಕೆಳಗೆ ಎಂಟು ಜನ ನಗುವ ಮುಖಗಳನ್ನು ಅಂಟಿಸಿದರು. ಆಮೇಲೆ ಸೋದರತ್ತೆಯ ಧ್ವನಿ ಬಂತು: “ಅವಳು ನೋಡಿದ್ರೆ ನನಗೇನು, ಬಿಟ್ರೆ ನನಗೇನು? ಸಿನಿಮಾ ಯಾರು ಬೇಕಾದ್ರೂ ನೋಡ್ತಾರೆ. ಬರೆಯೋದು ನಿಲ್ಲಿಸಿದ್ರೆ ನೋಡು ಮತ್ತೆ.” ಅದಾದ ಮೇಲೆ ಅಕ್ಕನ ಸಂದೇಶ, ತಪ್ಪು ತಿದ್ದದೆ ಆತುರದಲ್ಲಿ ಹೊಡೆದದ್ದು: “ನಾನೂ ಹೆದರ್ತೀನಿ. ಅವಳಿಗಿಂತ ಜಾಸ್ತಿ. ಇವತ್ತು ಹನ್ನೆರಡು ನಿಮಿಷಕ್ಕೆ ಎದ್ದು ಹೋದೆ.” ಬಾವ ಆ ರಾತ್ರಿ ಗ್ರೂಪಿನಲ್ಲಿ ಮತ್ತೆ ಬಾಯಿ ಬಿಡಲಿಲ್ಲ. ಮನೆಯಲ್ಲಿ ಬಿಟ್ಟರೋ ಏನೋ, ಅಕ್ಕ ಹೇಳಲಿಲ್ಲ.

ಅಲ್ಲಿಂದ ಪ್ರತಿದಿನ ಪುಕ್ಕಿ ತಾನೇ ನೋಡಿದಳು. ಅಕ್ಕ ಸ್ಕೂಲಿನ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಿಂದ ಫೋನು ಮಾಡಿ, “ಈಗ ಏನಾಯ್ತು?” ಎಂದು ಕೇಳುತ್ತಿದ್ದಳು. ಗಣಿತದ ಮಿಸ್ಸು, ಡ್ರಿಲ್ ಮೇಷ್ಟ್ರು ಎಲ್ಲ ಕಿವಿಗೊಡುತ್ತಿದ್ದರು. ಬಿಟ್ಟ ಹಳೆಯವನ್ನೂ ಪುಕ್ಕಿ ಸಿಕ್ಕ ಬಿಡುವಿನಲ್ಲಿ ತಿರುಗಿ ನೋಡಲು ಹೊರಟಳು. ಮೂವತ್ತೊಂದನೆಯ ತಾರೀಕಿನ ಹೊತ್ತಿಗೆ ನೋಡಿದ್ದು ಒಟ್ಟು ಇಪ್ಪತ್ತೆರಡು. ಪಂಥ ಸೋತಳು, ಪುಕ್ಕಿ ಎಂಬ ಹೆಸರು ಉಳಿಯಿತು. ಅವಳೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ನವೆಂಬರಿನ ಎರಡನೆಯ ಶನಿವಾರ ಅಕ್ಕ ತಾನೇ ಎರಡು ಟಿಕೆಟ್ ತೆಗೆದಳು. ದೊಡ್ಡ ಥಿಯೇಟರು, ಮಧ್ಯಾಹ್ನದ ಆಟ, ಸ್ಮಶಾನದ ಸಿನಿಮಾ. ಹೆಣ ಎದ್ದು ಕೂರುವ ಮೊದಲೇ, ಬರೀ ಕಾಗೆ ಕೂಗಿದ್ದಕ್ಕೆ ಅಕ್ಕ ಕಿರುಚಿದ ಹೊಡೆತಕ್ಕೆ ಮುಂದಿನ ಸಾಲಿನ ದಪ್ಪ ಮನುಷ್ಯನ ಪಾಪ್‌ಕಾರ್ನ್ ಅವನ ಹೆಂಡತಿಯ ತಲೆಯ ಮೇಲೆ ಚೆಲ್ಲಿತು. ಇಡೀ ಥಿಯೇಟರು ತಿರುಗಿ ನೋಡಿತು. ಪುಕ್ಕಿ ಎದ್ದು ನಿಂತು, ಕೈ ಮುಗಿದು, “ತಪ್ಪು ತಿಳ್ಕೋಬೇಡಿ, ಇವರು ಹೆಡ್‌ಮಿಸ್ಸು” ಎಂದಳು.

ಇಂಟರ್ವಲ್ಲಿನಲ್ಲಿ ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು, “ಮನೆಗೆ ಹೋಗೋಣ” ಎಂದಳು. ಪುಕ್ಕಿ ಚೀಲ ಕಸಿದುಕೊಂಡಳು. ಕೊನೆಗೆ ಬಾಗಿಲ ಪಕ್ಕದ ಸೀಟು ಅಕ್ಕನಿಗೆ ಕೊಡುವುದೆಂದು ಒಪ್ಪಂದವಾಗಿ, ಇಬ್ಬರೂ ದಪ್ಪ ಮನುಷ್ಯನಿಗೆ ಹೊಸ ಪಾಪ್‌ಕಾರ್ನ್ ಕೊಡಿಸಲು ಸಾಲಿನಲ್ಲಿ ನಿಂತರು.