ಪಕ್ಕದ ಸೀಟಿನ ಬ್ರೇಕು

ಶವವಾಹನ ಹೊರಡುವ ಗುರುತಿನ ಹಾರ್ನು ಉದ್ದಕ್ಕೆ ಕೂಗಿದ್ದೇ ತಡ, ಚಾಲಕನ ಪಕ್ಕದ ಸೀಟಿನಲ್ಲಿ ಕೂತಿದ್ದ ಶಿಗೆನೊ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದಳು. ಅಲ್ಲಿ ಬ್ರೇಕೇನೂ ಇರಲಿಲ್ಲ. ಇದ್ದಿದ್ದರೆ ಗಾಡಿ ಮನೆ ಮುಂದಿನಿಂದ ಅಲುಗುತ್ತಲೇ ಇರಲಿಲ್ಲ. ಮಡಿಲಲ್ಲಿ ಗಂಡನ ಹೆಸರು ಬರೆದ ಮರದ ಫಲಕ. ಬೆನ್ನ ಹಿಂದೆ, ಪೆಟ್ಟಿಗೆಯಲ್ಲಿ, ಗಂಡ ತಾತ್ಸುರೊ.

"ಹೆದರಿಕೆ ಆಗ್ತಿದೆಯೇನಮ್ಮಾ? ನಿಧಾನಕ್ಕೇ ಹೋಗ್ತೀನಿ," ಎಂದ ಚಾಲಕ.

"ನಂಗೆ ಗಾಡಿ ಅಂದ್ರೇನೇ ಭಯ ಕಣಪ್ಪಾ. ಅವ್ರು ಅದನ್ನೇ ಆಡ್ಕೊಂಡು ನಗ್ತಿದ್ರು."

ಭಯ ಗಾಡಿಯದಷ್ಟೇ ಆಗಿರಲಿಲ್ಲ. ಸಂಜೆ ಅವನಿಲ್ಲದ ಮನೆಯ ಬಾಗಿಲು ತೆಗೆಯಬೇಕಿತ್ತು. ಕನ್ನಡಿಯಲ್ಲಿ ಅವರ ಪುಟ್ಟ ಬಿಳಿ ವ್ಯಾನು ಹಿಂದೆಯೇ ಬರುವುದು ಕಾಣುತ್ತಿತ್ತು. ನೆಂಟರ ಬಸ್ಸಿನಲ್ಲಿ ಜಾಗ ಸಾಲದೆ ಮೈದುನ ಯಾಸುಜಿ ಅದನ್ನು ಓಡಿಸಿಕೊಂಡು ಬರುತ್ತಿದ್ದ.

*

ತಮ್ಮ ತೋಫು ಅಂಗಡಿ ಮುಚ್ಚಿದ ವರ್ಷ ತಾತ್ಸುರೊ ಆ ವ್ಯಾನಿನ ಹಿಂಭಾಗಕ್ಕೆ ಹಲಗೆ ಬಡಿದು, ಮೇಲೆ ಹಾಸಿಗೆ ಹಾಸಿದ್ದ.

"ನಡಿಯೇ, ದೇಶದ ಆ ತುದಿ ನೋಡ್ಕೊಂಡು ಬರೋಣ."

ಹೊರಟೇಬಿಟ್ಟರು, ಉತ್ತರದ ಹೊಕ್ಕೈದೊ ತುದಿಗೆ. ಹೆದ್ದಾರಿ ಪಕ್ಕದ ತಂಗುದಾಣಗಳಲ್ಲಿ ಮಲಗುವುದು, ಸಿಕ್ಕ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ, ಅಕ್ಕಿಯುಂಡೆಯ ಊಟ. ಶಿಗೆನೊ ಜನ್ಮದಲ್ಲಿ ಅಷ್ಟು ನಕ್ಕಿರಲಿಲ್ಲ, ಅಷ್ಟು ಹೆದರಿಯೂ ಇರಲಿಲ್ಲ. ತಿರುವು ಬಂದರೆ ಸಾಕು, ಅವಳ ಕಾಲು ನೆಲ ಒತ್ತುತ್ತಿತ್ತು.

"ಒತ್ತು, ಒತ್ತು! ನಿನ್ನ ಕಾಲಿಂದ್ಲೇ ಇಬ್ರೂ ಬದುಕಿರೋದು. ಸುಮ್ನೆ ಕೊಟ್ಟಿದಾರಾ ನಿಂಗೆ ಚಿನ್ನದ ಪಟ್ಟಿ?"

ತಪ್ಪೇ ಮಾಡದ ಚಾಲಕರ ಲೈಸೆನ್ಸಿನ ಮೇಲೆ ಚಿನ್ನದ ಬಣ್ಣದ ಪಟ್ಟಿ ಇರುತ್ತದೆ. ಲೈಸೆನ್ಸು ಬಂದ ದಿನದಿಂದ ಗಾಡಿಯನ್ನೇ ಮುಟ್ಟದವಳು ತಪ್ಪು ಮಾಡುವುದಾದರೂ ಎಲ್ಲಿಂದ?

ಹೆದರುವವರ ಮೇಲೆ ಹಾವು ಎಸೆದರಂತೆ. ಹೊಕ್ಕೈದೊದ ಒಂದು ಘಾಟಿಯಲ್ಲಿ, ಮಂಜು ಕವಿದ ಬೆಳಗ್ಗೆ, ತಾತ್ಸುರೊ ವ್ಯಾನನ್ನು ಬದಿಗೆ ನಿಲ್ಲಿಸಿ ಎದೆ ಹಿಡಿದುಕೊಂಡ. ಮುಖ ಅವನೇ ಮಾರುತ್ತಿದ್ದ ತೋಫುವಿನಷ್ಟು ಬಿಳಿಚಿಕೊಂಡಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ.

"ನೀನೇ ಓಡಿಸ್ಬೇಕು ಕಣೇ."

"ನನ್ ಕೈಲಾಗಲ್ಲ ರೀ! ಇಬ್ರೂ ಸಾಯ್ತೀವಿ!"

"ಒಬ್ನೇ ಸಾಯೋದಕ್ಕಿಂತ ವಾಸಿ. ನಾನು ಹಿಂದೆ ಮಲಗಿ ನಿನ್ನ ಕೆಲ್ಸ ಮಾಡ್ತೀನಿ, ಬ್ರೇಕ್ ಒತ್ತೋದು."

ಜೀವ ಕೈಯಲ್ಲಿ ಹಿಡಿದು ಓಡಿಸಿದಳು. ತಿರುವಿನಲ್ಲಿ ವೇಗ ಹೆಚ್ಚಾದಾಗಲೆಲ್ಲ ಹಿಂದಿನಿಂದ ಅವನ ಹಿಮ್ಮಡಿ ಹಲಗೆಗೆ ಬಡಿಯುತ್ತಿತ್ತು: ಟಕ್. ಆ ಸದ್ದು ನಿಂತುಹೋದರೆ ಎಂದು ಹೆದರಿ, ಅದನ್ನು ಕೇಳಲೆಂದೇ ಕೆಲವು ತಿರುವುಗಳಲ್ಲಿ ಬೇಕೆಂದೇ ಜೋರಾಗಿ ಹೋದಳು. ಆಸ್ಪತ್ರೆ ಬಾಗಿಲು ಮುಟ್ಟುವವರೆಗೂ ಸದ್ದು ಬರುತ್ತಲೇ ಇತ್ತು.

ಅವನು ಬದುಕಿಕೊಂಡ. ಅವಳು ಮತ್ತೆಂದೂ ಸ್ಟೀರಿಂಗು ಮುಟ್ಟಲಿಲ್ಲ.

*

ಚಿತಾಗಾರದಲ್ಲಿ ಶಿಗೆನೊ ಮತ್ತು ಮಗಳು ಮಿಹೊ ಸುಟ್ಟುಳಿದ ಒಂದೊಂದು ಮೂಳೆಯನ್ನೂ ಪದ್ಧತಿಯಂತೆ ಉದ್ದ ಕಡ್ಡಿಗಳಿಂದ ಇಬ್ಬರೂ ಒಟ್ಟಿಗೇ ಎತ್ತಿ ಜಾಡಿಗೆ ಹಾಕಿದರು. ಪಾದದ ಮೂಳೆ ಮೊದಲು. ಜಾಡಿಯಿದ್ದ ಪೆಟ್ಟಿಗೆಗೆ ಬಿಳಿ ಬಟ್ಟೆ ಸುತ್ತಿ ಹೊರಗೆ ಬಂದರೆ, ವ್ಯಾನಿನ ಪಕ್ಕದಲ್ಲಿ ಯಾಸುಜಿ ಕೆಂಪು ಮುಖ ಹೊತ್ತು ನಿಂತಿದ್ದ.

"ಚಿಕ್ಕಪ್ಪ, ಬಿಯರ್ ಕುಡಿದ್ರಾ? ಗಾಡಿ ತಂದಿದ್ದು ಮರ್ತೇಹೋಯ್ತಾ?" ಎಂದು ರೇಗಿದಳು ಮಿಹೊ. ಅವಳಿಗೆ ಲೈಸೆನ್ಸೇ ಇರಲಿಲ್ಲ.

"ಕಾಯೋ ಕೋಣೇಲಿ ಒಬ್ಬರಾದ್ಮೇಲೆ ಒಬ್ಬರು ಸುರಿದುಕೊಟ್ರೆ ಬೇಡ ಅನ್ನೋಕಾಗುತ್ತಾ? ವ್ಯಾನ್ ಇಲ್ಲೇ ಇರ್ಲಿ ಅತ್ತಿಗೆ. ನಾಳೆ ಬಂದು ತಗೊಂಡ್ಹೋಗಿ ಮಾರಿಬಿಡ್ತೀನಿ. ನಿಮಗ್ಯಾಕದು?"

ಶಿಗೆನೊ ಕಿಟಕಿಯಿಂದ ಒಳಗೆ ನೋಡಿದಳು. ಹಲಗೆಯ ತುದಿಯಲ್ಲಿ ಹಿಮ್ಮಡಿ ಬಡಿದೂ ಬಡಿದೂ ಬಣ್ಣ ಎದ್ದುಹೋಗಿತ್ತು.

"ನಾನೇ ಓಡಿಸ್ತೀನಿ," ಎಂದಳು. ದನಿ ತನ್ನದೇ ಎಂದು ಅವಳಿಗೇ ಅನಿಸಲಿಲ್ಲ.

"ಅಮ್ಮಾ, ನಿಂಗೇನ್ ಹುಚ್ಚಾ? ಬಂದ ದಾರೀಲಿ ವಾಪಸ್ ಹೋಗೋ ಹಾಗಿಲ್ಲ. ಬಸ್ಸು ಘಾಟಿ ಮೇಲೆ ಹೋಗುತ್ತೆ!"

"ಹೂಂ ಮತ್ತೆ," ಎಂದ ಯಾಸುಜಿ. "ಬಂದ ಸುರಂಗದಲ್ಲೇ ಹೋದ್ರೆ ಅಣ್ಣ ದಾರಿ ಗುರುತು ಹಿಡ್ಕೊಂಡು ಹಿಂದೇನೇ ಬಂದ್ಬಿಡ್ತಾನೆ."

ಬಂದರೆ ಬರಲಿ ಎಂದು ನಾಲಿಗೆ ತುದಿಗೆ ಬಂದದ್ದನ್ನು ಶಿಗೆನೊ ನುಂಗಿಕೊಂಡಳು. "ಘಾಟೀಲೇ ಬರ್ತೀನಿ. ನೀನು ಬಸ್ಸು ಹತ್ತು ಮಿಹೊ, ನೆಂಟರಿಗೆ ಊಟ ಬಡಿಸ್ಬೇಕು."

ಪಕ್ಕದ ಸೀಟಿನಲ್ಲಿ ಪೆಟ್ಟಿಗೆಯಿಟ್ಟು ಬೆಲ್ಟು ಬಿಗಿದಳು.

ಮುಂದಿದ್ದ ಬಸ್ಸು ಮೊದಲ ತಿರುವಿನಲ್ಲೇ ಮರೆಯಾಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಬೆವರಿಗೆ ಸ್ಟೀರಿಂಗು ಜಾರುತ್ತಿತ್ತು. ಎರಡನೇ ತಿರುವಿಗೆ ವ್ಯಾನು ಜೋರಾಗಿ ನುಗ್ಗಿದಾಗ, ಜಾಡಿಯೊಳಗೆ ಮೂಳೆ ಸರಿದು ಬಡಿಯಿತು: ಟಕ್.

ಶಿಗೆನೊ ಥಟ್ಟನೆ ಬ್ರೇಕು ಒತ್ತಿದಳು.

"ಆಯ್ತು ರೀ, ಆಯ್ತು. ನಿಧಾನಕ್ಕೇ ಹೋಗ್ತೀನಿ."

ಮುಂದಿನ ತಿರುವು ಸಲೀಸಾಗಿ ದಾಟಿತು. ಅದರ ಮುಂದಿನದೂ. ಪೆಟ್ಟಿಗೆ ತುಟಿಪಿಟಿಕ್ಕೆನ್ನಲಿಲ್ಲ. ಅವಳು ಒಮ್ಮೆ ಪಕ್ಕಕ್ಕೆ ನೋಡಿದಳು. ಇನ್ನೊಂದು ತಿರುವು ಹತ್ತಿರ ಬರುತ್ತಿದ್ದಂತೆ, ಬೇಕೆಂದೇ, ವೇಗ ಕೊಂಚ ಹೆಚ್ಚಿಸಿದಳು.